ನಮ್ಮ ಶಾಲೆಯ ಸುಧಾರಣೆಯನ್ನು ರದ್ದುಪಡಿಸಲು ಕೋರಿ

ಮಲಾಡ್, ಡಿಸೆಂಬರ್ ೧೯೫೭

ಪಶ್ಚಿಮ ಉಪನಗರ ಕನ್ನಡ ಶಾಲಾ ಸಂಘದ ಸುಧಾರಣಾ ಯೋಜನಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಫೌಂಟನ್ ಪೆನ್ನಿನ ಆರೋಗ್ಯ, ಲೋಕಲ್ ರೈಲಿನಲ್ಲಿ ಮಲಾಡಿಗೆ ಬರುವ ದಿನಗಳಲ್ಲಿ ತಮಗೆ ಕೂರಲು ಸಿಗುವ ಜಾಗ, ಇವೆಲ್ಲವೂ ಚೆನ್ನಾಗಿರಲೆಂದು ಹಾರೈಸಿ, ಸಂಘದ ಮಲಾಡ್ ಕನ್ನಡ ಪ್ರಾಥಮಿಕ ಶಾಲೆಯ ಮುಖ್ಯ ಮಾಸ್ತರನಾದ ಪರಪ್ಪ ಎಂಬ ನಾನು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಇದೇ ವಿಷಯವಾಗಿ ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅವುಗಳನ್ನು ತಾವು ಅಭ್ಯಾಸ ಮಾಡುತ್ತಿರಬಹುದೆಂದು ನಂಬಿದ್ದೇನೆ.

ನಮ್ಮದು ತಗಡಿನ ಮಾಡಿನ ಎರಡು ಕೋಣೆಗಳ ಶಾಲೆ. ಮೂರು ಮತ್ತು ನಾಲ್ಕನೆಯ ಇಯತ್ತೆಗಳಿಗೆ ಪಾಠ ಹೇಳುವವನು ನಾನು, ಒಂದು ಮತ್ತು ಎರಡನೆಯವಕ್ಕೆ ಮಂಗಳೂರು ಕಡೆಯ ವಿನೋದಿನಿ ಬಾಯಿಯವರು. ಚಿಕ್ಕ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ನಮ್ಮ ಬಿಜಾಪುರದ ಕಡೆಯ ಕನ್ನಡ, ಉಳಿದವರದು ಸಾಲುಮನೆಗಳ ಚಾಳಿನಲ್ಲಿ ಆಡುತ್ತ ಆಡುತ್ತ ತಾವೇ ಮಾಡಿಕೊಂಡದ್ದು. ಬಾಯಿಯವರು ಒಂದೇ ಮಾತನ್ನು ಮೂರು ಬಗೆಯಲ್ಲಿ ಹೇಳಿ ಎಲ್ಲರನ್ನೂ ಒಂದೇ ಪಾಠಕ್ಕೆ ತಂದು ಕೂರಿಸುತ್ತಾರೆ. ನಾನು ಒಮ್ಮೆ ಪ್ರಯತ್ನಿಸಿದಾಗ ಒಂದನೆಯ ಇಯತ್ತೆ ಪೂರ್ತಿಯಾಗಿ ಅತ್ತಿತು.

ಹೀಗಿರುವಲ್ಲಿ ಕಳೆದ ಜೂನ್‌ನಲ್ಲಿ ತಾವು ಸುಧಾರಣಾ ಯೋಜನೆಯೊಂದಿಗೆ ದಯಮಾಡಿಸಿದಿರಿ. ಯೋಜನೆಯ ಮೊದಲ ಗುರಿ ಗಾಳಿ ಮತ್ತು ಬೆಳಕು. ಅದರ ಸಾಧನೆಗಾಗಿ ಬಾಯಿಯವರ ಕೋಣೆಯ ಹಿಂಗೋಡೆಯನ್ನು ಒಡೆದು ಕಿಟಕಿ ಇಡಬೇಕೆಂದು ಅಪ್ಪಣೆಯಾಯಿತು. ಗೋಡೆಯ ಆಚೆ ಎಮ್ಮೆಗಳನ್ನು ಕಟ್ಟುವ ತಬೇಲಾ ಇದೆಯೆಂದು ನಾನು ವಿನಯದಿಂದ ಅರಿಕೆ ಮಾಡಿಕೊಂಡೆ. ತಾವು ನಕ್ಷೆಯನ್ನು ಬಿಡಿಸಿ, ಎಲ್ಲ ಕಡೆಯಿಂದಲೂ ನೋಡಿ, ನಕ್ಷೆಯಲ್ಲಿ ತಬೇಲಾ ಇಲ್ಲವೆಂದು ತೀರ್ಮಾನಿಸಿದಿರಿ. ಕಿಟಕಿ ಆಯಿತು. ಸರಳು ಕೂರಿಸುವುದು ಎರಡನೆಯ ಹಂತದಲ್ಲಿ ಇದ್ದುದರಿಂದ, ಮರುದಿನ ಪ್ರಾರ್ಥನೆಯ ಹೊತ್ತಿಗೆ, ನಕ್ಷೆಯಲ್ಲಿ ಇಲ್ಲದ ತಬೇಲಾದಿಂದ ಒಂದು ಎಮ್ಮೆ ತನ್ನ ತಲೆಯನ್ನು ಕೊಂಬುಸಮೇತ ತರಗತಿಯೊಳಗೆ ಇಟ್ಟಿತು. ಪ್ರಾರ್ಥನೆ ಮುಗಿಯುವವರೆಗೆ ಅದು ಅಲುಗಾಡಲಿಲ್ಲ. ನಮ್ಮ ಮಕ್ಕಳಲ್ಲಿ ಅಷ್ಟು ಶಿಸ್ತನ್ನು ನಾನು ಎಂದೂ ಕಂಡಿರಲಿಲ್ಲ.

ಮಾನ್ಯರೇ, ತಮ್ಮ ಯೋಜನೆಯ ದೂರದೃಷ್ಟಿ ನಮಗೆ ಅರಿವಾದದ್ದು ಆಮೇಲೆ. ಮಳೆಗಾಲದಲ್ಲಿ ಮನೆಯಲ್ಲೇ ಉಳಿಯುತ್ತಿದ್ದ ಮಕ್ಕಳು ನೆನೆದುಕೊಂಡೇ ಬರತೊಡಗಿದರು. ಕಿಟಕಿಯ ಪಕ್ಕದ ಜಾಗಕ್ಕಾಗಿ ಗಂಟೆ ಹೊಡೆಯುವ ಮೊದಲೇ ಜಗಳ ಶುರುವಾಗುತ್ತಿತ್ತು. ಬಾಯಿಯವರು ಎಮ್ಮೆಯನ್ನು ಓಡಿಸುವ ಬದಲು ಕೆಲಸಕ್ಕೆ ಹಚ್ಚಿದರು. ಅದನ್ನು ತೋರಿಸಿಯೇ ಕಣ್ಣು, ಕಿವಿ, ಕೊಂಬು, ಮೂಗು ಎಲ್ಲವನ್ನೂ ಬರೆಸಿದರು. ಬಾಲ ಮಾತ್ರ ಗೋಡೆಯ ಆಚೆ ಇದ್ದುದರಿಂದ ಅದನ್ನು ಮನೆಪಾಠಕ್ಕೆ ಕೊಟ್ಟರು. ಅಂದು ಸಂಜೆ ಇಡೀ ತರಗತಿ ತಬೇಲಾದಲ್ಲಿ ಸ್ಲೇಟು ಹಿಡಿದು ನಿಂತದ್ದನ್ನು ಕಂಡು ಅಲ್ಲಿನ ಹಾಲಿನ ಭಯ್ಯಾ, ತನ್ನ ಎಮ್ಮೆಗಳನ್ನು ಸರಕಾರ ಎಣಿಸುತ್ತಿದೆಯೆಂದು ಹೆದರಿ ಎರಡನ್ನು ಗೋರೆಗಾಂವಿಗೆ ಸಾಗಿಸಿದನಂತೆ.

ಗಣಪತಿ ಹಬ್ಬದ ಬಳಿಕ ತಾವು ತಪಾಸಣೆಗೆ ಬಂದು, ಹಾಜರಿ ಕಂಡು ಹಿಗ್ಗಿ, ಕಾರಣವೇನೆಂದು ಕೇಳಿದಿರಿ. ಎಮ್ಮೆ ಎಂದೆ. ತಮ್ಮ ವರದಿಯಲ್ಲಿ ಜಾನುವಾರುಗಳಿಗೆ ಸ್ಥಳವಿರದ ಕಾರಣ ಅದನ್ನು 'ಸ್ಥಳೀಯ ನಾಗರಿಕರ ಸಹಕಾರ' ಎಂದು ಬರೆದುಕೊಂಡಿರಿ. ನಮ್ಮದು ಸಂಪೂರ್ಣ ಸುಧಾರಿಸಿದ ಶಾಲೆಯೆಂದು ಸಾರಿ ನನ್ನ ಕೊರಳಿಗೆ ಹಾರ ಹಾಕಿದಿರಿ. ತಾವು ಭಾಷಣ ಮಾಡುತ್ತಿರುವಾಗ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದು ನನ್ನದೇ ತಪ್ಪು. ಹಾರದ ಮುಕ್ಕಾಲು ಪಾಲನ್ನು ಸ್ಥಳೀಯ ನಾಗರಿಕರು ತಿಂದರು.

ದೀಪಾವಳಿ ಕಳೆಯುತ್ತಲೇ ತಮ್ಮ ಆದೇಶ ಬಂತು. ಸುಧಾರಿಸಿದ ಶಾಲೆಗೆ ಇಬ್ಬರು ಶಿಕ್ಷಕರ ಅಗತ್ಯವಿಲ್ಲವಾದ್ದರಿಂದ, ವಿನೋದಿನಿ ಬಾಯಿಯವರನ್ನು ಇನ್ನೂ ಸುಧಾರಿಸದ ಕುರ್ಲಾ ಶಾಲೆಗೆ ವರ್ಗಾಯಿಸಲಾಗಿದೆ ಎಂದು ಅದರಲ್ಲಿತ್ತು. ಬಾಯಿಯವರು ಅದನ್ನು ಓದಿ, ಮಡಿಚಿ, ಕಾಗುಣಿತದ ಪಾಠ ಮುಗಿಸಿದರು. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿಯನ್ನು ತೆರೆಯದೆ ಮೆಟ್ಟಿಲ ಮೇಲೆ ಕೂತು, "ಸರಿಯಾಗಿ ಕಲಿಸಲಿಲ್ಲ ಅಂತ ಕಳಿಸ್ತಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ ಮಾಸ್ತರೇ," ಎಂದರು. ಒಳಗೆ ಎರಡನೆಯ ಇಯತ್ತೆಯವರು ಬಿಡುವಿನಲ್ಲೂ ಕೂಗಿ ಕೂಗಿ ಓದುತ್ತಿದ್ದರು. ಜೂನ್‌ನಲ್ಲಿ ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ.

ತಮ್ಮಿಂದಲೇ ಕಲಿತ ಮಾದರಿಯಲ್ಲಿ, ಆಗ ನಾನೂ ಒಂದು ಯೋಜನೆಯನ್ನು ರೂಪಿಸಿದೆ: ಮಲಾಡ್ ಶಾಲೆಯ ಅವನತಿ ಯೋಜನೆ. ಮೊದಲ ಗುರಿ ಹಾಜರಿಯ ಇಳಿಕೆ. ತಾವು ಮತ್ತೆ ತಪಾಸಣೆಗೆ ಬರುವ ದಿನ ಯಾರೂ ಶಾಲೆಗೆ ಬರಬಾರದೆಂದು ಮಕ್ಕಳಿಗೆ ಹೇಳಿ ಕಳಿಸಿದೆ. ಬರಬೇಡಿ ಎಂದು ಮಾಸ್ತರರೇ ಹೇಳಬೇಕಾದರೆ ಅಲ್ಲೇನೋ ಹಂಚುತ್ತಾರೆಂದು ತಾಯಂದಿರು ಬಗೆದು, ಇನ್ನೂ ಶಾಲೆಯ ವಯಸ್ಸಾಗದ ಕೂಸುಗಳನ್ನೂ ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದರು. ಎರಡನೆಯ ಗುರಿ ಗಾಳಿ ಬೆಳಕಿನ ತಡೆ. ಅದಕ್ಕಾಗಿ ಕಿಟಕಿಗೆ ಕಟ್ಟಿದ್ದ ಗೋಣಿಚೀಲವನ್ನು, ತಾವು ಒಳಗೆ ಕಾಲಿಡುವ ಹೊತ್ತಿಗೆ, ಆಚೆ ಕಡೆಯಿಂದ ತಿಂದು ಮುಗಿಸಲಾಗಿತ್ತು.

ಉಳಿದದ್ದು ಮೂರನೆಯ ಗುರಿ, ತಪ್ಪು ಉತ್ತರ. ತಾವು ಎರಡನೆಯ ಇಯತ್ತೆಯ ರಾಚವ್ವನನ್ನು ಎಬ್ಬಿಸಿ, ನಾಲ್ಕಕ್ಕೆ ಮೂರು ಕೂಡಿಸಿದರೆ ಎಷ್ಟು ಎಂದು ಕೇಳಿದ್ದು ನೆನಪಿರಬಹುದು. ಆ ಹುಡುಗಿ ನನ್ನನ್ನು ನೋಡಿತು, ಬಾಯಿಯವರನ್ನು ನೋಡಿತು, ಆಮೇಲೆ ಗಟ್ಟಿಯಾಗಿ, "ಏಳ್ರಿ ಸಾಹೇಬ್ರ. ಆದರ ಒಂಬತ್ತು ಅನ್ನಬೇಕಂತ ಮಾಸ್ತರ ಹೇಳ್ಯಾರ್ರಿ," ಎಂದಿತು. ತಾವು ನನ್ನ ಕಡೆ ನೋಡಿದಿರಿ. ನಾನು ಎಮ್ಮೆಯ ಕಡೆ ನೋಡಿದೆ. ತಾವು ಪೆನ್ನು ತೆಗೆದು 'ಪ್ರಾಮಾಣಿಕತೆ: ಅತ್ಯುತ್ತಮ' ಎಂದು ಬರೆದುಕೊಂಡಿರಿ.

ಆಗಲೇ ರಾಚವ್ವನ ತಾಯಿ ಕಾಶವ್ವ ಮಾತಾಡಿದ್ದು. ಆಕೆ ಸ್ಟೇಷನ್ನಿನ ಬಳಿ ಸೊಪ್ಪು ಮಾರುವವಳು. ಏನು ಹಂಚುತ್ತಾರೋ ನೋಡೋಣವೆಂದು ಬಂದು, ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. ಬಾಯಿಯವರ ವರ್ಗಾವಣೆಯ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು. "ಸಾಲಿ ಸುಧಾರಿಸೇತಿ ಅಂತ ಬಾಯಾರ್ನ ಕಳಸಾಕತ್ತೀರಿ," ಎಂದಳು. "ನಿಮ್ಮ ಆಫೀಸು ಸುಧಾರಿಸಿದ ದಿನ ನಿಮ್ಮನ್ನ ಎಲ್ಲಿಗೆ ಕಳಸ್ತಾರ್ರಿ?"

ಆಕೆ ವ್ಯಂಗ್ಯವಾಡಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಕೆಗೆ ನಿಜಕ್ಕೂ ತಿಳಿಯಬೇಕಾಗಿತ್ತು. ತಾವು ನೀರು ಕೇಳಿ ಕುಡಿದಿರಿ. ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದಿರಿ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ವರ್ಗಾವಣೆಯನ್ನು ಮುಂದಿನ ತಪಾಸಣೆಯವರೆಗೆ ತಡೆಹಿಡಿಯಲಾಗಿದೆ ಎಂದು ನನ್ನೊಬ್ಬನಿಗೇ ಕೇಳುವಂತೆ ಹೇಳಿದಿರಿ. ಒಳಗೆ ಹೋಗಿ ಅದನ್ನು ಬಾಯಿಯವರಿಗೆ ತಿಳಿಸಿದೆ. ಅವರು ಬೋರ್ಡಿನ ಕಡೆ ತಿರುಗಿ, ಆಗಲೇ ಒರೆಸಿದ್ದ ಬೋರ್ಡನ್ನು ಬಹಳ ಹೊತ್ತು ಒರೆಸಿದರು.

ಆ ಉಪಕಾರಕ್ಕೆ ನಾವೆಲ್ಲ ಋಣಿಗಳು. ಆದರೆ ಮುಂದಿನ ತಪಾಸಣೆ ಬಂದೇ ಬರುತ್ತದೆ, ಅಷ್ಟರಲ್ಲಿ ಬಾಯಿಯವರು ಈ ಮಕ್ಕಳನ್ನು ಇನ್ನಷ್ಟು ಸುಧಾರಿಸಿಬಿಡುವ ಅಪಾಯವಿದೆ, ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ. ಆದ್ದರಿಂದ ನಮ್ಮ ಶಾಲೆಯನ್ನು 'ಇನ್ನೇನು ಸುಧಾರಿಸಲಿದೆ' ಎಂಬ ಹೊಸ ವರ್ಗವೊಂದನ್ನು ತೆರೆದು ಅದರಲ್ಲಿ ಶಾಶ್ವತವಾಗಿ ಇಡಬೇಕೆಂದು ಪ್ರಾರ್ಥನೆ. ಅದು ಸಾಧ್ಯವಿಲ್ಲವಾದರೆ, ಚೆನ್ನಾಗಿ ನಡೆಯುವ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು ಕೊಟ್ಟರೆ ಏನಾಗುತ್ತದೆಂದು ಬರಿಯ ಕುತೂಹಲಕ್ಕಾದರೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಯಾರನ್ನಾದರೂ ಕಳಿಸಲೇಬೇಕೆಂಬ ನಿಯಮವಿದ್ದರೆ ನನ್ನನ್ನು ಕಳಿಸಿ. ಯೋಜನೆ ಆರಂಭವಾದಂದಿನಿಂದ ಈ ಶಾಲೆಯಲ್ಲಿ ಎಳ್ಳಷ್ಟೂ ಸುಧಾರಿಸದೆ ಉಳಿದವನು ನಾನೊಬ್ಬನೇ.

ಇನ್ನಷ್ಟು ಸುಧಾರಣೆಯನ್ನು ತಾಳಲಾರದ,
ತಮ್ಮ ವಿಶ್ವಾಸಿ,
ಪರಪ್ಪ
ಮುಖ್ಯ ಮಾಸ್ತರ

ತಾ.ಕ.: ತಮ್ಮ ವರ್ಗಾವಣೆ ಆದೇಶವನ್ನು ಎರಡನೆಯ ಇಯತ್ತೆಗೆ ಶುದ್ಧಲೇಖನದ ಅಭ್ಯಾಸಕ್ಕಾಗಿ ಕೊಡಲಾಗಿತ್ತು. ಮಕ್ಕಳು ತಿದ್ದಿದ ಪ್ರತಿಯನ್ನು ಲಗತ್ತಿಸಿದೆ. ಕೆಂಪು ಶಾಯಿಯನ್ನು ಕಂಡು ತಾವು ಎದೆಗುಂದಬಾರದು. ಆ ತರಗತಿಯಲ್ಲಿ ಒಂದು ಜಾಗ ಖಾಲಿ ಇದೆ, ಮತ್ತು ಮುಂದಿನ ತಪಾಸಣೆಯವರೆಗೆ ಬಾಯಿಯವರೂ ಇದ್ದಾರೆ.