ಅರ್ಧ ಟೆಂಪೋ ನೆಂಟರು

ಪಾಠ ಹೇಳುವವನು ತನ್ನ ಪಾಠವನ್ನು ಮನೆಗೆ ತರಬಾರದು. ಶಿಕಾರಿಪುರದಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿರುವ ನಾನು ಇದನ್ನು ಹೊಟ್ಟೆ ಹಸಿದುಕೊಂಡು ಕಲಿತೆ. ನಿರೀಕ್ಷಿತ ಮೌಲ್ಯ ನನಗೆ ಬಹಳ ಪ್ರಿಯವಾದ ಪಾಠ. ನಾಣ್ಯ ಚಿಮ್ಮಿದಾಗ ಸಿಂಹದ ಮುಖ ಬಿದ್ದರೆ ಎರಡು ಪೇಡೆ, ಇಲ್ಲದಿದ್ದರೆ ಏನೂ ಇಲ್ಲ ಅನ್ನಿ. ಆಗ ನಿರೀಕ್ಷಿತ ಮೌಲ್ಯ ಒಂದು ಪೇಡೆ. ಆದರೆ ಒಂದೇ ಪೇಡೆ ಯಾರ ಕೈಗೂ ಎಂದೂ ಬೀಳುವುದಿಲ್ಲ. ಚಿಮ್ಮುತ್ತಲೇ ಹೋದರೆ ಸಲಕ್ಕೆ ಸುಮಾರು ಒಂದರಂತೆ ಸಿಕ್ಕಿರುತ್ತದೆ, ಅಷ್ಟೆ. ಇದನ್ನು ತರಗತಿಯಲ್ಲಿ ಒತ್ತಿ ಒತ್ತಿ ಹೇಳುತ್ತೇನೆ, ಮನೆಗೆ ಬಂದು ಮರೆಯುತ್ತೇನೆ.

ನಮ್ಮ ಹೊಸ ಮನೆಯ ಗೃಹಪ್ರವೇಶ ಬಂತು. ಹೆಂಡತಿ ಗಿರಿಜಾಳ ತವರು ಸೊರಬದ ಕಡೆ. ಎಲ್ಲರೂ ಗದ್ದೆ ಮಾಡುವವರು. ಕಾಲುವೆಗೆ ನೀರು ಬಿಟ್ಟರೆ ನಾಟಿ ಬಿಟ್ಟು ಒಬ್ಬರೂ ಕದಲುವುದಿಲ್ಲ. ಬಿಡದಿದ್ದರೆ ಮೂವತ್ತು ಜನ ಒಂದೇ ಟೆಂಪೋದಲ್ಲಿ ಹಾಜರು. ಎರಡಕ್ಕೂ ಸಮಸಮ ಸಾಧ್ಯತೆ. ಹಾಗಾಗಿ ಹದಿನೈದು ಜನರೆಂದು ಹಿಡಿದು, ತಲೆಗೆ ಎರಡರಂತೆ ಹೋಳಿಗೆ ಮಾಡಲು ಅಡುಗೆಯವರಿಗೆ ಹೇಳಿಬಿಟ್ಟೆ.

"ರೀ, ನಮ್ಮೋರು ಬಂದ್ರೆ ಎಲ್ರೂ ಬರ್ತಾರೆ, ಇಲ್ಲಾಂದ್ರೆ ಯಾರೂ ಬರಲ್ಲ. ಅರ್ಧ ಟೆಂಪೋ ಬರೋದನ್ನ ನೀವು ಎಲ್ಲಾದ್ರೂ ನೋಡಿದೀರಾ?" ಎಂದಳು ಗಿರಿಜಾ. ತವರಿನವರು ಮೊದಲ ಸಲ ಅವಳ ಸ್ವಂತ ಮನೆಯಲ್ಲಿ ಉಣ್ಣುವುದಿತ್ತು. ಅವಳ ಮರ್ಯಾದೆಯ ಪ್ರಶ್ನೆ. ನಾನು ಪೇಡೆಯ ಉದಾಹರಣೆ ಕೊಟ್ಟೆ.

ಕಾಲುವೆಗೆ ನೀರು ಬಿಡಲಿಲ್ಲ. ಬಳ್ಳಿಗಾವಿಯಲ್ಲಿ ದೇವರಿಗೆ ಕೈಮುಗಿದುಕೊಂಡು ಟೆಂಪೋ ಬರುವಷ್ಟರಲ್ಲಿ ಊರಿನವರ ಪಂಕ್ತಿ ಎದ್ದಿತ್ತು. ಮೂವತ್ತು ಜನ ಕೂತರು. ತಲೆಗೊಂದು ಬಡಿಸುವಷ್ಟರಲ್ಲಿ ಅವರ ಪಾಲಿನ ಹೋಳಿಗೆ ಮುಗಿಯಿತು. ನಮ್ಮಲ್ಲಿ ಎರಡನೆಯ ಹೋಳಿಗೆಗೆ ಬಡಿಸುವವರು ಒತ್ತಾಯ ಮಾಡಬೇಕು, ಉಣ್ಣುವವರು ಬೇಡವೆನ್ನಬೇಕು, ಆಮೇಲೆ ಹಾಕಿಸಿಕೊಳ್ಳಬೇಕು. ಗಿರಿಜಾಳ ಅಣ್ಣ ಪದ್ಧತಿಯಂತೆ ಮೊದಲೇ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದರು. ಒತ್ತಾಯ ಮಾಡಲು ಯಾರೂ ಬರಲಿಲ್ಲ. ಕೈ ತೆಗೆಯಲೂ ಆಗದೆ ಅವರು ಅತ್ತಿತ್ತ ನೋಡಿದರು. ಗಿರಿಜಾಳ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಅವಳು ಸರಸರನೆ ಒಳಗೆ ಹೋಗಿ, ಮನೆಯವರಿಗೆಂದು ಎತ್ತಿಟ್ಟಿದ್ದ ಹೋಳಿಗೆಯನ್ನೆಲ್ಲ ತಂದಳು. ಎಲ್ಲರಿಗೂ ಅರ್ಧರ್ಧ ಮುರಿದು ಹಾಕಿದಳು. ಅಣ್ಣನಿಗೆ ಮಾತ್ರ ಕೈ ಸರಿಸಿ ಇಡಿಯದನ್ನೇ ಹಾಕಿದಳು. ಪಂಕ್ತಿಯಲ್ಲಿ ನಗು ಹಬ್ಬಿತು, ಅವಳ ಮುಖವೂ ಅರಳಿತು.

ಕೊನೆಯ ಪಂಕ್ತಿ ನನ್ನದು. ಎಲೆಯಲ್ಲಿ ಅನ್ನ, ಕೋಸಂಬರಿ. ಅಣ್ಣ ತಿಂದದ್ದು ಎರಡು, ನಾನು ಸೊನ್ನೆ. ಸರಾಸರಿ ಹಿಡಿದರೆ ನಾನೂ ಒಂದು ಹೋಳಿಗೆ ತಿಂದಂತೆಯೇ ಎಂದು ಗಿರಿಜಾಳಿಗೆ ವಿವರಿಸಿದೆ.

"ಹಾಗಾದ್ರೆ ಹೊಟ್ಟೆ ತುಂಬಿರ್ಬೇಕಲ್ರೀ," ಎಂದು ಅವಳು ಸಾರಿನ ಪಾತ್ರೆಯನ್ನೂ ಎತ್ತಿಕೊಂಡು ಹೋದಳು.