ನಡುಮನೆಯಲ್ಲಿ ಸಮುದ್ರ

ಸಮುದ್ರ ನೋಡಬೇಕೆಂದರೆ ಘಾಟಿ ಇಳಿದು ಹೋಗಬೇಕಾದ ಊರಿನಲ್ಲಿದ್ದುಕೊಂಡು, ನಡುಮನೆಯೊಳಗೇ ಒಂದು ಸಮುದ್ರ ಮಾಡಿಕೊಂಡರೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಅದಕ್ಕೆ ನಾವೇನೂ ಮಾಡಬೇಕಾಗಿಲ್ಲ. ಬೀದಿ ಬಾಗಿಲು ತೆಗೆದಿಟ್ಟರೆ ಸಾಕು.

ನಮ್ಮ ಮನೆ ಕಡೂರಿನಲ್ಲಿ. ನಮ್ಮ ಯಜಮಾನರದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲಿ ನಮ್ಮಿಬ್ಬರ ಜೊತೆ ಇರುವವರು ಅತ್ತೆ. ಒಂದು ಸಲ ಯಜಮಾನರು ಯಾರದೋ ಮದುವೆಗೆಂದು ಮಂಗಳೂರಿಗೆ ಹೋದರು. ಉಳಿದುಕೊಂಡ ಹೋಟೆಲಿನಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಅದರ ತುಂಬ ಸಮುದ್ರದ ಬಣ್ಣಬಣ್ಣದ ಮೀನು. ಅದರ ಮುಂದೆ ನಿಂತವರು ಮುಹೂರ್ತಕ್ಕೆ ಹೋಗುವುದನ್ನೇ ಮರೆತರಂತೆ. ಊರಿಗೆ ಬಂದ ಮೇಲೆ ಅತ್ತೆ, ಹುಡುಗಿ ಹೇಗಿದ್ದಳು ಅಂತ ಕೇಳಿದರು. "ಆರಡಿ ಉದ್ದ, ಎರಡೂವರೆ ಅಡಿ ಎತ್ತರ" ಅಂದರು ಇವರು.

ಅಂಗಡಿಯಲ್ಲಿ ಸಿಗುವ ತೊಟ್ಟಿ ತರಬಹುದಿತ್ತು. ಇವರು ಕೇಳಲಿಲ್ಲ, ನಾನೇ ಮಾಡುತ್ತೇನೆಂದು ಹಟ ಹಿಡಿದರು. ನೀರು ಗೊತ್ತು, ಮೋಟರ್ ಗೊತ್ತು, ಇನ್ನು ಮೀನು ಒಂದು ಕಲಿತರೆ ಆಯಿತಲ್ಲ ಅನ್ನುವುದು ಇವರ ಲೆಕ್ಕ.

ಬಿಳಿ ಬೆಡ್‌ಶೀಟ್

ಅಷ್ಟು ದಪ್ಪದ ಗಾಜನ್ನು ಅಳತೆಗೆ ಕತ್ತರಿಸಿ ಕೊಡುವವರು ಸಿಕ್ಕಿದ್ದು ತರೀಕೆರೆಯಲ್ಲಿ. ತರುವುದೇ ದೊಡ್ಡ ಯೋಚನೆಯಾಯಿತು. ಕೊನೆಗೆ ಇವರು ನಮ್ಮ ಮನೆಯ ಎರಡು ಹಾಸಿಗೆಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ಹೋದರು. ಗಾಜುಗಳನ್ನು ಒಂದರ ಮೇಲೊಂದು ಮಲಗಿಸಿ, ಕೆಳಗೊಂದು ಮೇಲೊಂದು ಹಾಸಿಗೆ ಇಟ್ಟು, ಅತ್ತೆಯ ಬಿಳಿ ಬೆಡ್‌ಶೀಟ್ ಸುತ್ತಿ, ಹಗ್ಗ ಬಿಗಿದರು. ಒಂದು ಕಡೆ ಇವರು, ಇನ್ನೊಂದು ಕಡೆ ಇವರ ಸ್ನೇಹಿತರಾದ ಬಡಗಿ, ಇಬ್ಬರೂ ಅದರ ಮೇಲೆ ಕೈ ಇಟ್ಟುಕೊಂಡು ಕೂತರು. ರಸ್ತೆಯಲ್ಲಿ ಒಂದು ಗುಂಡಿ ಸಿಕ್ಕಿದರೂ ಗಾಜು ಹೋಯಿತು ಅನ್ನುವ ಭಯ. ಇಬ್ಬರೂ ತಲೆ ತಗ್ಗಿಸಿ ಅದನ್ನೇ ನೋಡುತ್ತಿದ್ದರು. ಆಟೋದವನಿಗೆ ಎತ್ತಿನ ಗಾಡಿಯ ಹಾಗೆ ಹೋಗು ಅಂತ ಹೇಳಿದ್ದರು, ಅವನು ಹಾಗೇ ಹೋದ.

ಬೀರೂರು ದಾಟುವ ಹೊತ್ತಿಗೆ ಹಿಂದಿನಿಂದ ಯಾರೂ ಹಾರ್ನ್ ಹೊಡೆಯುತ್ತಿಲ್ಲ ಅನ್ನುವುದು ಇವರ ಗಮನಕ್ಕೆ ಬಂತು. ಬೈಕಿನವರು ಪಕ್ಕಕ್ಕೆ ನಿಲ್ಲಿಸಿಕೊಂಡು ಕೈ ಮುಗಿಯುತ್ತಿದ್ದರು. ಜನ ಒಳ್ಳೆಯವರು, ಗಾಜಿಗೆ ಎಷ್ಟು ಮರ್ಯಾದೆ ಕೊಡ್ತಾರೆ ಅಂದುಕೊಂಡರಂತೆ. ಒಂದು ಜೀಪು ಮಾತ್ರ ಹಿಂದೆ ಹಿಂದೆಯೇ ನಿಧಾನಕ್ಕೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಅದರಿಂದ ವಯಸ್ಸಾದ ಗೌಡರೊಬ್ಬರು ಇಳಿದರು. ತಲೆಯ ಮೇಲಿನ ಟವೆಲ್ ತೆಗೆದು, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಎಷ್ಟು ವಯಸ್ಸಾಗಿತ್ತವ್ವಾ?"

ಅತ್ತೆಯ ಕಣ್ಣು ಪೂರ್ತಿ ಹಾಸಿಗೆಗಳ ಮೇಲಿತ್ತು. "ನನ್ನ ಮದುವೇಲಿ ಕೊಟ್ಟಿದ್ದು ಕಣಪ್ಪಾ. ಒಂದು ದಿನ ಬಿಸಿಲಿಗೆ ಹಾಕಿದ್ರೆ ಇನ್ನೂ ಹತ್ತು ವರ್ಷ ಬತ್ತೈತೆ" ಅಂದರು.

ಗೌಡರು ಜೀಪು ಹತ್ತಿದ ರಭಸ ನೋಡಿದರೆ, ನಮ್ಮ ಬೀದಿಯ ಕಡೆ ಅವರು ಮತ್ತೆ ಬರುವ ಹಾಗೆ ಕಾಣಲಿಲ್ಲ.

ಅತ್ತೆಯ ಕೈರುಚಿ

ಗಾಜು ಅಂಟಿಸಿ, ಒಣಗಲು ಬಿಟ್ಟು, ಬೋರ್‌ವೆಲ್ ನೀರು ತುಂಬಿಸಿ ನೋಡಿದರು. ಒಂದು ಮೂಲೆ ಸೋರಿತು. ನಡುಮನೆ ಒರೆಸಿದೆವು. ಮತ್ತೆ ಅಂಟಿಸಿದರು, ನಿಂತಿತು. ಆಮೇಲೆ ಬೆಂಗಳೂರಿನಿಂದ ಬಕೆಟ್‌ಗಟ್ಟಲೆ ಉಪ್ಪು ಬಂತು. ಉಪ್ಪಿಗೂ ಬೆಂಗಳೂರಿಗೆ ಹೋಗಬೇಕೇನೋ ಅಂತ ಅತ್ತೆ ಮಗನನ್ನು ಕೇಳಿದರು. ಇದು ಅಡುಗೆ ಉಪ್ಪಲ್ಲ, ಸಮುದ್ರದ ನೀರಿನಲ್ಲಿ ಏನೇನಿರುತ್ತೋ ಎಲ್ಲ ಇದರಲ್ಲಿದೆ ಅಂತ ಇವರು ಬಿಡಿಸಿ ಹೇಳಿದರು. ಉಪ್ಪು ಎಷ್ಟಿದೆ ಅಂತ ನೋಡಲು ಒಂದು ಅಳತೆ ಕೊಳವೆಯೂ ಬಂದಿತ್ತು.

ಮೊದಲ ದಿನ ಅಳತೆ ಸರಿಯಾಗಿತ್ತು. ಮಾರನೆಯ ದಿನ ಸಂಜೆ ಅಂಗಡಿಯಿಂದ ಬಂದು ನೋಡಿದರೆ ಒಂಚೂರು ಜಾಸ್ತಿ. ಇವರು ಸಿಹಿನೀರು ಸೇರಿಸಿ ಸರಿ ಮಾಡಿದರು. ಅದರ ಮಾರನೆಯ ದಿನ ಇನ್ನೂ ಜಾಸ್ತಿ. ಮತ್ತೆ ನೀರು. ಹೀಗೇ ನಡೆಯಿತು. ಉಪ್ಪು ಕಳಿಸಿದ ಅಂಗಡಿಯವನಿಗೆ ಫೋನ್ ಮಾಡಿ ಬೈದರು. ಅವನು ಕೊಳವೆ ಕೆಟ್ಟಿರಬೇಕು ಅಂದ. ಬೇರೆ ಕೊಳವೆ ತರಿಸಿದರು. ಅದೂ ಜಾಸ್ತಿಯೇ ತೋರಿಸಿತು.

ಶನಿವಾರ ನನಗೆ ಬೆಳಗಿನ ಶಾಲೆ. ಮಧ್ಯಾಹ್ನವೇ ಮನೆಗೆ ಬಂದೆ. ನೋಡಿದರೆ ಅತ್ತೆ ಸ್ಟೂಲಿನ ಮೇಲೆ ನಿಂತು ತೊಟ್ಟಿಯೊಳಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಸ್ವಲ್ಪ ಯೋಚನೆ ಮಾಡಿದರು. ಆಮೇಲೆ ಸೆರಗಿನ ಮರೆಯಲ್ಲಿದ್ದ ಬಟ್ಟಲಿನಿಂದ ಒಂದು ಹಿಡಿ ಉಪ್ಪು ತೆಗೆದು ಉದುರಿಸಿದರು. ನನ್ನನ್ನು ಕಂಡು ಗಾಬರಿಯೇನೂ ಆಗಲಿಲ್ಲ. ಇವನು ದಿನಾ ನೀರು ಸುರಿದು ಸುರಿದು ಸಪ್ಪೆ ಮಾಡಿಡುತ್ತಾನೆ, ಸರಿ ಮಾಡಿ ಮಾಡಿ ನನಗೆ ಸಾಕಾಗಿಹೋಯಿತು ಅಂದರು.

ಸಂಜೆ ಇವರು ತಾಯಿಯನ್ನು ಕೂರಿಸಿಕೊಂಡು, ನೀರು ಹೇಗೆ ಆವಿಯಾಗುತ್ತದೆ, ಉಪ್ಪು ಹೇಗೆ ಅಲ್ಲೇ ಉಳಿಯುತ್ತದೆ, ಮೀನಿಗೆ ಎಷ್ಟು ಬೇಕು ಅಂತ ಎಲ್ಲ ವಿವರಿಸಿದರು. ನಾನು ಮಕ್ಕಳಿಗೆ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಆಯ್ತು ಬಿಡಪ್ಪಾ, ನಾಳೆಯಿಂದ ಉಪ್ಪು ಹಾಕಲ್ಲ" ಅಂದರು. "ಆದ್ರೆ ಹುಳಿ ಒಂಚೂರೂ ಇಲ್ವಲ್ಲೋ ಅದಕ್ಕೆ."

ಏನೂ ಇಲ್ಲದ ತೊಟ್ಟಿ

ಹೊಸ ತೊಟ್ಟಿಗೆ ಮೀನನ್ನು ತಕ್ಷಣ ಬಿಡುವಂತಿಲ್ಲ. ಮೀನಿನ ಗಲೀಜನ್ನು ತಿಂದು ನೀರು ಚೊಕ್ಕಟ ಮಾಡುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ನೀರು, ಮರಳು, ನಾಲ್ಕು ಕಲ್ಲು, ಮೇಲೆ ನೀಲಿ ದೀಪ, ಇಷ್ಟೇ. ಆದರೆ ಕಡೂರಿನಲ್ಲಿ ಸುದ್ದಿ ಕಾಯುವುದಿಲ್ಲ. ನೋಡಲು ಜನ ಬರತೊಡಗಿದರು. ಬಂದವರನ್ನು ಇವರು ಕುರ್ಚಿ ಹಾಕಿ ಅದರ ಮುಂದೆ ಕೂರಿಸುತ್ತಿದ್ದರು.

ಎದುರು ಮನೆಯಾಕೆ ಮಗುವನ್ನು ಎತ್ತಿಕೊಂಡು ಬಂದಳು. ಎಲ್ಲ ಮೂಲೆ ನೋಡಿ, ಏನು ಸಾಕಿದ್ದೀರಿ ಅಂತ ಕೇಳಿದಳು. ಇವರು ಹೆಮ್ಮೆಯಿಂದ ಬ್ಯಾಕ್ಟೀರಿಯಾ ಅಂದರು. ಆಕೆ ಸೆರಗನ್ನು ಮಗುವಿನ ಮೂಗಿಗೆ ಒತ್ತಿಕೊಂಡು ಹೋದವಳು ಒಂದು ತಿಂಗಳು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಅಮೃತಾಪುರದಿಂದ ನಮ್ಮ ದೂರದ ನೆಂಟರೊಬ್ಬರು ಬಂದಿದ್ದರು. ಬಹಳ ಸಂಕೋಚದ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ತುಂಬ ಹೊತ್ತು ತೊಟ್ಟಿಯನ್ನೇ ನೋಡಿದರು. ಕಾಫಿ ಕುಡಿದರು, ಮತ್ತೆ ನೋಡಿದರು. ಹೇಗಿದೆ ಅಂತ ಇವರು ಕೇಳಿದರು. ಪಾಪ, ಅವರಿಗೆ ಧರ್ಮಸಂಕಟ.

"ಚೆನ್ನಾಗಿದಾವೆ" ಅಂದರು. "ಎರಡು ಮಾತ್ರ ಸ್ವಲ್ಪ ಸೊರಗಿದ ಹಂಗೆ ಕಾಣ್ತಾವಪ್ಪಾ."

ಕರೆಂಟು

ಕೊನೆಗೂ ಮೀನು ಬಂದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯವು ನಾಲ್ಕು, ಅರಿಶಿನದಂಥದ್ದು ಒಂದು, ಸಿಟ್ಟಿನ ಮುಖದ ನೀಲಿಯದು ಒಂದು. ಕರೆಂಟು ಹೋದರೆ ನೀರಿಗೆ ಗಾಳಿ ನಿಂತು ಅವು ಸತ್ತೇಹೋಗುತ್ತವೆ ಅಂತ ಇವರು ಮನೆಯ ಇನ್ವರ್ಟರನ್ನು ಪೂರ್ತಿ ತೊಟ್ಟಿಗೆ ಕೊಟ್ಟರು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಫ್ಯಾನು ನಿಂತಿತು. ತೊಟ್ಟಿಯಲ್ಲಿ ಮಾತ್ರ ನೀರು ಗುಳುಗುಳು ಅನ್ನುತ್ತಿತ್ತು. ಅತ್ತೆ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ಸ್ಟೂಲನ್ನು ತೊಟ್ಟಿಯ ಪಕ್ಕಕ್ಕೆ ಎಳೆದು, ಮಗನನ್ನು ಕರೆದು ಕೇಳಿದರು.

"ಒಂಚೂರು ಕೈ ಹಿಡ್ಕೋತೀಯೇನೋ, ನಾನೂ ಇಳೀತೀನಿ."

ಅಮಾವಾಸ್ಯೆ ಸ್ನಾನ

ವಾರಕ್ಕೊಮ್ಮೆ ತೊಟ್ಟಿಯ ಒಂದಷ್ಟು ನೀರು ತೆಗೆದು ಹೊಸ ನೀರು ಹಾಕಬೇಕು. ತೆಗೆದ ಉಪ್ಪುನೀರನ್ನು ಎಲ್ಲಿ ಚೆಲ್ಲುವುದು ಅನ್ನುವ ಚಿಂತೆ ಬಹಳ ದಿನ ಇರಲಿಲ್ಲ. ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್ ಬಕೆಟ್ ಹಿಡಿದು ಬಂದರು. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮ ಕಡೆ ಮಾಮೂಲು, ಇದು ಇನ್ನೂ ಒಳ್ಳೆಯದು ಅಂತ ಅವರ ನಂಬಿಕೆ. ಆ ವರ್ಷ ಅವರ ಮರಕ್ಕೆ ಕಾಯಿ ಚೆನ್ನಾಗಿ ಹಿಡಿಯಿತು. ಮಳೆಯೂ ಚೆನ್ನಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯ ಹಿಂದೆ ಬಕೆಟ್ಟುಗಳ ಸಾಲು ಶುರುವಾಯಿತು.

ಆ ಸಾಲಿನಲ್ಲಿ ಒಂದು ದಿನ ತಾಮ್ರದ ಕೊಡವೊಂದು ಇತ್ತು. ಅದನ್ನು ತಂದವರು ಹಿಂದಿನ ಬೀದಿಯ ಅಜ್ಜಿ. ಅವರ ಮನೆಯಲ್ಲಿ ತೆಂಗಿನ ಮರ ಇಲ್ಲ. ಸಮುದ್ರ ಸ್ನಾನ ಮಾಡುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ಮೊಣಕಾಲು ನೋವು, ಘಾಟಿ ಇಳಿಯಲು ಆಗುವುದಿಲ್ಲ. ನಾಳೆ ಅಮಾವಾಸ್ಯೆ, ಒಂದು ಕೊಡ ಕೊಟ್ಟರೆ ಮನೆಯಲ್ಲೇ ಮುಗಿಸಿಬಿಡುತ್ತೇನೆ ಅಂದರು.

ಇವರಿಗೆ ಕೊಡಲು ಮನಸ್ಸು ಬರಲಿಲ್ಲ. ಹೇಗೆ ಹೇಳುವುದು ಅಂತ ತಡವರಿಸಿ, ಕೊನೆಗೆ ಹೇಳಿಯೇ ಬಿಟ್ಟರು. "ಬೇಡಜ್ಜಿ, ಅದರಲ್ಲಿ ಮೀನಿನ ಹೇಲು, ಉಚ್ಚೆ ಎಲ್ಲಾ ಇರುತ್ತೆ."

ಅಜ್ಜಿ ಕೊಡವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. "ಸಮುದ್ರದಾಗೆ ಮೀನು ಎದ್ದು ಹೊರಗೆ ಹೋಯ್ತಾವೇನಪ್ಪಾ?"

ಸಿಗಡಿ

ನಮ್ಮದು ಮಾಂಸ ಮೀನು ಮುಟ್ಟದ ಮನೆತನ. ತೊಟ್ಟಿಯ ಮೀನುಗಳಿಗೆ ಅದು ಗೊತ್ತಿರಲಿಲ್ಲ. ಪ್ಯಾಕೆಟ್ಟಿನ ಕಾಳು ಅವಕ್ಕೆ ಸಾಲದು, ವಾರಕ್ಕೆರಡು ಸಲ ಸಿಗಡಿ ಹೆಚ್ಚಿ ಹಾಕಬೇಕು ಅಂತ ಗೊತ್ತಾದಾಗ ಇವರೇ ಎರಡು ದಿನ ಹಿಂದೆಮುಂದೆ ನೋಡಿ, ಆಮೇಲೆ ತಾಯಿಗೆ ಹೇಳಿದರು. ಅತ್ತೆ ಯೋಚನೆ ಮಾಡಿ ಒಪ್ಪಿದರು. ಚಾಕು, ಮಣೆ ಬೇರೆ ಇರಬೇಕು, ಕೆಲಸ ಹಿತ್ತಿಲಲ್ಲೇ ಆಗಬೇಕು, ಆಮೇಲೆ ಸ್ನಾನ ಮಾಡಬೇಕು. ಇವರು ತರೀಕೆರೆಗೆ ಹೋಗಿ, ತಲೆಯ ಹೆಲ್ಮೆಟ್ ತೆಗೆಯದೆ ಸಿಗಡಿ ತಂದರು.

ಆದರೂ ಸುದ್ದಿ ಅಜ್ಜಂಪುರ ಮುಟ್ಟಿತು. ಅಲ್ಲಿ ಇರುವುದು ಅತ್ತೆಯ ತಮ್ಮ, ಇವರ ಸೋದರಮಾವ. ಅತ್ತೆಯ ತವರುಮನೆಯ ಹಿರಿಯ, ಬಹಳ ಕಟ್ಟುನಿಟ್ಟಿನ ಮನುಷ್ಯ. ಪೂಜೆಯಾಗದೆ ನೀರು ಕುಡಿಯುವವರಲ್ಲ. ಹೋಟೆಲಿನಲ್ಲಿ ಊಟಕ್ಕೆ ಕೂರುವ ಮೊದಲು ಅಡುಗೆಮನೆಗೆ ಹೋಗಿ ಪಾತ್ರೆ ನೋಡಿ ಬರುವವರು. ಸಿಗಡಿ ಹೆಚ್ಚುವ ಮನೆಗೆ ಕಾಲಿಡುವುದಿಲ್ಲ ಅಂತ ಹೇಳಿಕಳಿಸಿದರು. ಹೇಳಿದ ಹಾಗೇ ನಡೆದುಕೊಂಡರು. ಗೌರಿ ಹಬ್ಬಕ್ಕೆ ಅಕ್ಕನಿಗೆ ಹಬ್ಬದ ಸೀರೆ ಕೊಡಲೂ ಬರಲಿಲ್ಲ.

ಅತ್ತೆ ಅವತ್ತು ಬಾಗಿಲಲ್ಲೇ ಕೂತಿದ್ದರು. ಯಾರನ್ನೂ ಬೈಯಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, ನನಗೆ ಇರುವುದು ಒಬ್ಬನೇ ತಮ್ಮ ಕಣಪ್ಪಾ ಅಂದರು. ಇವರು ತುತ್ತು ಎತ್ತಲಿಲ್ಲ. ಮಾರನೆಯ ದಿನ ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿ, ಮೀನುಗಳನ್ನು ವಾಪಸ್ ತಗೊಳ್ತೀರಾ ಅಂತ ಕೇಳುವುದು ನನ್ನ ಕಿವಿಗೆ ಬಿತ್ತು. ನಾನು ಹೋಗಿ ತೊಟ್ಟಿಯ ಮುಂದೆ ನಿಂತೆ. ಅಷ್ಟು ಹೊತ್ತಿಗೆ ಆ ಸಿಟ್ಟಿನ ಮುಖದ ನೀಲಿ ಮೀನು ನನ್ನ ಗುರುತು ಹಿಡಿಯುತ್ತಿತ್ತು.

ಮುಂದಿನ ಭಾನುವಾರ ಮಾವ ತಾವೇ, ಮನೆಯೊಳಗೆ ಕಾಲಿಡದೆ ಸುತ್ತಿಕೊಂಡು, ಹಿತ್ತಿಲ ಬಾಗಿಲಿಗೆ ಬಂದರು. ತೀರ್ಮಾನ ಹೇಳಿ ಹೋಗಲು ಬಂದಿದ್ದೇನೆ ಅಂದರು. ಕುರ್ಚಿ ಹಾಕಿದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಇವರು ಹಿತ್ತಿಲಲ್ಲಿ ಆಗತಾನೆ ಸಿಗಡಿ ಹೆಚ್ಚಲು ಮಣೆ ಹಾಕಿಕೊಂಡು ಕೂತಿದ್ದರು. ಏಳಲು ಹೋದವರನ್ನು ಮಾವ, ಬೇಡ, ಅಲ್ಲೇ ಇರು, ಮುಟ್ಟಿದ ಕೈಯಲ್ಲಿ ಹತ್ತಿರ ಬರಬೇಡ ಅಂದರು. ತಾವು ಬಾಗಿಲಲ್ಲೇ ನಿಂತು ಶುರು ಮಾಡಿದರು. ಅವರ ಅಜ್ಜ ಎಂಥವರು, ಅಪ್ಪ ಎಂಥವರು, ಮನೆತನಕ್ಕೆ ಮಠದಲ್ಲಿ ಎಂಥ ಮರ್ಯಾದೆ, ಇವತ್ತು ಈ ಮನೆಯಲ್ಲಿ ಏನು ನಡೆಯುತ್ತಿದೆ. ಅತ್ತೆ ಗೋಡೆಗೆ ಒರಗಿ ತಲೆ ತಗ್ಗಿಸಿ ಕೂತಿದ್ದರು. ಇವರು ಏನು ಮಾಡುವುದು ತೋಚದೆ ಸಿಗಡಿ ಹೆಚ್ಚುತ್ತಲೇ ಇದ್ದರು.

ಮಾವನ ಮಾತು ಸ್ವಲ್ಪ ಸ್ವಲ್ಪವೇ ನಿಧಾನವಾಯಿತು. ಅವರ ಕಣ್ಣು ಇವರ ಕೈಯ ಕಡೆಗೇ ಹೋಗುತ್ತಿತ್ತು. ಇವರು ಒಂದು ಸಿಗಡಿ ಹೆಚ್ಚಿದರು, ಇನ್ನೊಂದು ಹೆಚ್ಚಿದರು. ಮೂರನೆಯದಕ್ಕೆ ಮಾವನಿಗೆ ತಡೆಯಲಾಗಲಿಲ್ಲ.

"ಏ, ಹಂಗಲ್ಲ ಕಣೋ. ಬೆನ್ನು ಸೀಳಿ ಆ ಕಪ್ಪು ನರ ತೆಗೀಬೇಕು. ಇಲ್ದಿದ್ರೆ ಕಹಿ ಬತ್ತೈತೆ."

ನಾನು ಒಗೆಯುವ ಕಲ್ಲನ್ನು ನೋಡುತ್ತಾ ನಿಂತೆ. ಇವರು ತಲೆ ಎತ್ತಲಿಲ್ಲ. ಮುಂದಿನ ಸಿಗಡಿಯ ಬೆನ್ನು ಸೀಳಿ, ಕಪ್ಪು ನರವನ್ನು ಎಳೆದು ಪಕ್ಕಕ್ಕಿಟ್ಟರು. ಮಾವ ಒಂದು ಸಲ ಕೆಮ್ಮಿದರು. ಆಮೇಲೆ ಯಾರೂ ಹೇಳದೆ, ಹಾಕಿಟ್ಟಿದ್ದ ಕುರ್ಚಿಯಲ್ಲಿ ಕೂತರು.

ಅತ್ತೆ ಎದ್ದು ಒಳಗೆ ಹೋದರು. ಒಳಗಿನಿಂದ ಲೋಟ, ಪಾತ್ರೆಯ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಬಿಸಿ ಕಾಫಿ ಹಿಡಿದು ಬಂದು ತಮ್ಮನ ಕೈಗೇ ಕೊಟ್ಟರು.

"ಕುಡಿಯಪ್ಪಾ" ಅಂದರು. "ನರ ತೆಗ್ದಿದೀನಿ."