ಕಾಂತಮ್ಮನವರ ಚಂದ್ರಕಾಂತ

ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗಿನ ಕೊಬ್ಬರಿಯ ಜಾತಕ ಹೇಳುವ ಬಾಣಾವರದ ಷಡಕ್ಷರಪ್ಪನವರಿಗೆ ಟೋಪಿ ಹಾಕುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು, ಅದೂ ದಿನಕ್ಕೆರಡು ಸಲ!

ತೊಂಬತ್ತೇಳರ ಬೇಸಿಗೆಯಲ್ಲಿ ಕೊಬ್ಬರಿ ಲಾರಿಯ ಜೊತೆ ತಮಿಳುನಾಡಿನ ಕಾಂಗೇಯಂಗೆ ಹೋದವರು ಹೆಂಡತಿಗೆಂದು ಒಂದು ಚಂದ್ರಕಾಂತ ಶಿಲೆ ತಂದರು. ಹುಣಿಸೆ ಬೀಜದ ಗಾತ್ರ, ಎಳನೀರು ಗಂಜಿಯ ಬಿಳುಪು. ಬಿಸಿಲಿಗೆ ಹಿಡಿದು ತಿರುಗಿಸಿದರೆ ಒಳಗೊಂದು ತಿಳಿನೀಲಿ ಬೆಳಕು ಆ ಕಡೆಯಿಂದ ಈ ಕಡೆಗೆ ಜಾರುತ್ತಿತ್ತು.

"ಇದನ್ನ ಹಾಕ್ಕಂಡ್ರೆ ಸಿಟ್ಟು ಇಳೀತದಂತೆ ಕಣೇ."

"ಹಂಗಾದ್ರೆ ನೀವೇ ಹಾಕ್ಕಳಿ," ಎಂದರು ಕಾಂತಮ್ಮ. ಬಾಯಲ್ಲಿ ಹಾಗಂದರೂ ಕಲ್ಲನ್ನು ಕೈಯಿಂದ ಬಿಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ತಾನಾಗಿ ತಂದ ಮೊದಲ ಉಡುಗೊರೆ! ತಂಗಿಯ ಮಗಳ ಮದುವೆಗೆ ಇದರದ್ದೇ ಉಂಗುರ ಹಾಕಿಕೊಂಡು ಹೋಗಬೇಕೆಂದು ಅವರಿಗೆ ಆಸೆಯಾಯಿತು.

ಅಷ್ಟರಲ್ಲಿ ಪಕ್ಕದ ಮಂಡಿಯ ಮರುಳಪ್ಪ ಬಂದು ಕಲ್ಲು ನೋಡಿದ. "ಗಾಜು ಕಣಯ್ಯ. ಚೆನ್ನಾಗಿ ಟೋಪಿ ಹಾಕವ್ರೆ," ಎಂದು ಕಾಫಿ ಕುಡಿದು ಹೊರಟುಹೋದ.

ಷಡಕ್ಷರಪ್ಪನವರ ಪಿತ್ತ ನೆತ್ತಿಗೇರಿತು. ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.

"ರೀ, ಅದು ಕಾಯಲ್ಲ, ಕಲ್ಲು."

"ನೀನು ಸುಮ್ನಿರೇ. ನಿಜವಾದ ಕಲ್ಲು ಏಟಿಗೆ ಹೆದರಲ್ಲ," ಎಂದವರೇ ಅದನ್ನು ಅಂಗಳದ ಚಪ್ಪಡಿಯ ಮೇಲಿಟ್ಟು, ಮಚ್ಚಿನ ಹಿಂಬದಿಯಿಂದ ಒಂದೇ ಒಂದು ಏಟು ಕೊಟ್ಟರು. ಟಕ್! ಚಂದ್ರಕಾಂತ ಎರಡು ಹೋಳಾಯಿತು.

ಕಾಂತಮ್ಮನವರ ಕಣ್ಣಲ್ಲಿ ನೀರು ಬಂತು. ಹೋಳುಗಳನ್ನು ಸೆರಗಿಗೆ ಕಟ್ಟಿಕೊಂಡು ಅರಸೀಕೆರೆ ಬಸ್ಸು ಹತ್ತಿದರು. ಮೂರು ಲೋಕದ ಪರೀಕ್ಷಕರಾದ ಗಂಡನೂ ಬಾಲ ಮುದುರಿಕೊಂಡು ಹಿಂದೆಯೇ ಹತ್ತಿದರು.

ಅಲ್ಲಿ ಅಕ್ಕಸಾಲಿ ಆಚಾರ್ರು ಹೋಳುಗಳನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಅಸಲಿ ಮಾಲು ಕಣ್ರೀ. ಇದು ಪದರದ ಕಲ್ಲು, ಅದಕ್ಕೇ ನೇರ ಸೀಳ್ಕಂಡೈತೆ. ಗಾಜಾಗಿದ್ರೆ ಚೂರುಚೂರಾಗ್ತಿತ್ತು. ಬೆಳಕು ಎರಡ್ರಲ್ಲೂ ಐತೆ ನೋಡಿ."

"ನೋಡಿದ್ಯೇನೇ? ಅಸಲಿ ಅಂತ ನಾನು ಹೇಳ್ಲಿಲ್ವ?" ಷಡಕ್ಷರಪ್ಪನವರ ಎದೆ ಮತ್ತೆ ಉಬ್ಬಿತು.

ಕಾಂತಮ್ಮ ಹೋಳುಗಳನ್ನು ಎರಡು ಕಿವಿಗೂ ಹಿಡಿದು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡರು. ದಪ್ಪ ಚಿನ್ನದಲ್ಲೇ ಒಂದು ಜೊತೆ ಓಲೆ ಮಾಡಿಕೊಡಿ ಎಂದು ಆಚಾರ್ರಿಗೆ ಹೇಳಿ, ಗಂಡನ ಕಡೆ ತಿರುಗಿದರು.

"ಮನೆಗೋಗಿ ಮಚ್ಚು ತತ್ತೀರಾ? ಇನ್ನೊಂದೇಟು ಹಾಕಿದ್ರೆ ಮೂಗುಬೊಟ್ಟಿಗೂ ಆಯ್ತದೆ."